ಸರಾಸರಿ ಏರಿದರೆ ಎಲ್ಲರ ಜೇಬೂ ತುಂಬಿತೇ?

‘ಬಡಾವಣೆಯ ಸರಾಸರಿ ಆದಾಯ ಏರಿದೆ, ಅಂದರೆ ಅಲ್ಲಿನ ಬಡವರು ಚೇತರಿಸಿಕೊಂಡಿದ್ದಾರೆ’ ಎಂಬ ಮಾತು ಆಗಾಗ ಹರಿದಾಡುತ್ತದೆ. ಅದು ನಿಜವಿರಬಹುದು. ಆದರೆ ಸರಾಸರಿಯೊಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ಹತ್ತು ಮನೆಗಳಿವೆ, ತಲಾ ಆದಾಯ 20 ಸಾವಿರ. ಬಾಡಿಗೆ ಕಟ್ಟಲಾಗದೆ ನಾಲ್ಕು ಮನೆಯವರು ಹೋದರು. ಆ ಜಾಗಕ್ಕೆ 1 ಲಕ್ಷ ದುಡಿಯುವ ನಾಲ್ಕು ಮನೆಯವರು ಬಂದರು. ಸರಾಸರಿ 52 ಸಾವಿರಕ್ಕೆ ಜಿಗಿಯಿತು! ಉಳಿದ ಆರು ಮನೆಗಳಿಗೆ ಒಂದು ಪೈಸೆಯೂ ಜಾಸ್ತಿ ಬಂದಿಲ್ಲ. ಬದಲಾದದ್ದು ಜನ, ಅವರ ಸಂಪಾದನೆಯಲ್ಲ. ಇನ್ನೂ ಎರಡು ಮನೆಯವರು ಹೀಗೇ ಬದಲಾದರೆ ನಡುವಿನ ಮನೆಯ ಆದಾಯವೂ, ಅಂದರೆ ಮೀಡಿಯನ್, 1 ಲಕ್ಷಕ್ಕೆ ಏರುತ್ತದೆ. ಅದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಬೆಲೆಯೇರಿಕೆಯನ್ನು ಕಳೆಯದೆ ಹಳೇ ವರ್ಷಕ್ಕೆ ಹೋಲಿಸಿದರಂತೂ ಮುಗಿಯಿತು.

ಬಡವರು ಹೋಗಿ ಉಳ್ಳವರು ಬರುವ ಇಂಥದ್ದೇ ಬದಲಾವಣೆಯನ್ನು ಲಂಡನ್‌ನಲ್ಲಿ ಕಂಡ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲೇ ಅದಕ್ಕೆ ‘ಜೆಂಟ್ರಿಫಿಕೇಶನ್’ ಎಂದು ಹೆಸರಿಟ್ಟಿದ್ದರು.

‘ಬಡಾವಣೆಯ ಜನಸಂಖ್ಯೆಯಲ್ಲಿ ಇಂಥ ಸಮುದಾಯದ ಪಾಲು ಇಳಿಯಿತು, ಅವರೆಲ್ಲ ಊರು ಬಿಟ್ಟರು’ ಎನ್ನುವುದೂ ಅವಸರದ ಮಾತೇ. 1,000 ಜನರಲ್ಲಿ 500 ಮಂದಿ ಇದ್ದವರು 1,500ರಲ್ಲಿ 600 ಆದರೆ ಪಾಲು ಶೇ 50ರಿಂದ 40ಕ್ಕೆ ಇಳಿಯುತ್ತದೆ. ತಲೆ ಎಣಿಸಿದರೆ ನೂರು ಜನ ಹೆಚ್ಚೇ ಇದ್ದಾರೆ, ಅಲ್ವಾ?