ತೊಡೆ ಮೇಲೆ ಇಡಬಾರದ ಲ್ಯಾಪ್‌ಟಾಪ್

ಹಾಸನದಿಂದ ಅಕ್ಕ ಫೋನ್ ಮಾಡಿದಳು. ಮಗನಿಗೆ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆಯಂತೆ. ಲ್ಯಾಪ್‌ಟಾಪ್ ಕೊಡಿಸಬೇಕಂತೆ. "ನೀನು ಬೆಂಗಳೂರಲ್ಲೇ ಇದ್ದೀಯಲ್ಲ, ಸ್ವಲ್ಪ ನೋಡು" ಎಂದಳು. ಬೆಂಗಳೂರಲ್ಲಿ ಇರುವವರಿಗೆಲ್ಲ ಕಂಪ್ಯೂಟರ್ ಗೊತ್ತಿರುತ್ತದೆ ಎಂದು ನಮ್ಮೂರಿನ ನಂಬಿಕೆ. ನಾನು ಬ್ಯಾಂಕಿನಲ್ಲಿ ಒಡವೆ ಸಾಲ ಕೊಡುವವನು. ಆದರೂ ನೋಡಿದೆ.

ಶನಿವಾರ ಹುಡುಗ ಕೆಂಪು ಬಸ್ಸಿನಲ್ಲಿ ಬಂದ. ಇಬ್ಬರೂ ಎಸ್‌ಪಿ ರೋಡಿಗೆ ಹೋದೆವು. ಒಂದು ಅಂಗಡಿಯವರು ಹಾಳೆಯ ಮೇಲೆ ಪಟಪಟ ಕೊಟೇಶನ್ ಬರೆದುಕೊಟ್ಟರು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗೇಮಿನ ಚಿತ್ರ ಓಡಿಸುವ 4060 ನಂಬರಿನ ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್, ಮಾನಿಟರ್, ಎಲ್ಲ ಸೇರಿ ಡೆಸ್ಕ್‌ಟಾಪ್ ಒಂದು ರೇಟು. ಅದೇ 4060 ನಂಬರಿನ ಗೇಮಿಂಗ್ ಲ್ಯಾಪ್‌ಟಾಪ್ ಅದಕ್ಕಿಂತ 20 ಸಾವಿರ ಜಾಸ್ತಿ. ಡೆಸ್ಕ್‌ಟಾಪೇ ತಗೋ, ನಾಳೆ ಕಾರ್ಡ್ ಹಳೆಯದಾದರೆ ಅದೊಂದನ್ನೇ ಬದಲಾಯಿಸಬಹುದು ಎಂದೆ. ಲ್ಯಾಪ್‌ಟಾಪಿನಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಟೈಪಿಂಗ್ ಕ್ಲಾಸಿಗೆ ಸೇರಿಕೋ ಅಂದವರನ್ನು ನೋಡುವ ಹಾಗೆ ನೋಡಿದ.

"ಮಾಮ, ಪೋರ್ಟಬಿಲಿಟಿ ಬೇಕು."

ಮನೆಮಂದಿಯೆಲ್ಲ ಸೇರಿ ಒಪ್ಪಿಕೊಂಡ ಸುಳ್ಳು ಇದು. ಗೇಮ್ ಆಡಬೇಕು ಎಂದು ಮಗ ಹೇಳುವುದಿಲ್ಲ, ಪ್ರಾಜೆಕ್ಟ್ ಅನ್ನುತ್ತಾನೆ. ಅಪ್ಪನಿಗೂ ಗೊತ್ತು. ಆದರೆ ಮದುವೆ ಮನೆಯಲ್ಲಿ ನೆಂಟರ ಎದುರು ಹೇಳಲು ಪ್ರಾಜೆಕ್ಟೇ ಚೆನ್ನ. ಅಂಗಡಿಯವರು "ಕೋಡಿಂಗ್‌ಗೆ ಬೆಸ್ಟ್ ಸರ್" ಅನ್ನುವಾಗ ಕೀಬೋರ್ಡಿನ ಕೆಳಗೆ ಏಳು ಬಣ್ಣದ ದೀಪ ಎಡದಿಂದ ಬಲಕ್ಕೆ ಓಡುತ್ತಿತ್ತು. ಕೋಡಿಂಗ್‌ಗೆ ಅದು ಯಾಕೆ ಎಂದು ನಾನೂ ಕೇಳಲಿಲ್ಲ. ಗಣಪತಿ ಪೆಂಡಾಲಿಗಾದರೂ ಆಗುತ್ತದೆ.

ನಂಬರಿನ ವಿಷಯ ಇನ್ನೂ ಚೆನ್ನಾಗಿದೆ. ಡೆಸ್ಕ್‌ಟಾಪಿನ 4060 ಕಾರ್ಡ್ 115 ವ್ಯಾಟ್ ಕರೆಂಟು ತಿನ್ನುತ್ತದೆ. ಲ್ಯಾಪ್‌ಟಾಪಿನ 4060ಕ್ಕೆ 35ರಿಂದ 115 ವ್ಯಾಟ್‌ವರೆಗೆ ಎಷ್ಟನ್ನು ಉಣಿಸಬೇಕು ಅನ್ನುವುದು ತಯಾರಿಸಿದವರ ದೊಡ್ಡ ಮನಸ್ಸಿಗೆ ಬಿಟ್ಟದ್ದು. ಅರೆಹೊಟ್ಟೆ ಇಟ್ಟರೂ ಸ್ಟಿಕರ್ ಮೇಲಿನ ನಂಬರ್ ಅದೇ. ಇದು ಎಷ್ಟು ವ್ಯಾಟಿನದು ಎಂದು ಕೇಳಿದೆ. "ಫುಲ್ ಪವರ್ ಸರ್" ಎಂದರು. ಮೇಲಿನ ದರ್ಜೆಗೆ ಹೋದರೆ ಇನ್ನೂ ಮಜಾ. ಡೆಸ್ಕ್‌ಟಾಪಿನ 5090ಯಲ್ಲಿ 21,760 ಕೋರ್ (ಲೆಕ್ಕ ಮಾಡುವ ಸಣ್ಣ ಸಣ್ಣ ಘಟಕ), 32 ಜಿಬಿ ಮೆಮೊರಿ. ಲ್ಯಾಪ್‌ಟಾಪಿನ 5090ಯಲ್ಲಿ 10,496 ಕೋರ್, 24 ಜಿಬಿ. ಕೋರ್ ಅರ್ಧವೂ ಇಲ್ಲ. ಪಕ್ಕದಲ್ಲಿ 'ಲ್ಯಾಪ್‌ಟಾಪ್ ಜಿಪಿಯು', ಅಂದರೆ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪು, ಎಂದು ಬರೆದುಬಿಟ್ಟರೆ ಪಾಪ ಕಳೆಯಿತು.

ನಮ್ಮ ಬೀದಿಯ ಹೋಟೆಲಿನವರು ಹೀಗೆ ಮಾಡಿದರೆ ಏನಾಗುತ್ತೆ ನೋಡಿ. ಕೂತು ತಿನ್ನುವವರಿಗೆ ಇಡೀ ಮಸಾಲೆ ದೋಸೆ, ಪಾರ್ಸೆಲ್ ಕೇಳಿದವರಿಗೆ ಅರ್ಧ. ಬಿಲ್ಲಿನಲ್ಲಿ ಎರಡಕ್ಕೂ ಮಸಾಲೆ ದೋಸೆ. ಪಾರ್ಸೆಲ್ ಚಾರ್ಜ್ ಬೇರೆ. ಸಂಜೆಯೊಳಗೆ ಗಲಾಟೆ ಆಗುತ್ತಿತ್ತು, ಅಲ್ವಾ? ಅರ್ಧ ದೋಸೆಗೆ ಜಗಳ ತೆಗೆಯುವ ನಾವು ಅರ್ಧ ಕಾರ್ಡಿಗೆ ಇಎಂಐ ಹಾಕಿಸುತ್ತೇವೆ.

ಹುಡುಗನನ್ನೇ ಯಾಕೆ ಬೈಯಲಿ? 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಲೈಸೆನ್ಸ್ ಬೇಕು, ಈಗಿನಿಂದಲೇ ಬೇಕು ಎಂದಿತು. ಮಾರನೇ ದಿನ, ಅಕ್ಟೋಬರ್ 31ರ ತನಕ ಬೇಡ ಎಂದಿತು. ಸರ್ಕಾರಕ್ಕೇ ಲ್ಯಾಪ್‌ಟಾಪ್ ವಿಷಯದಲ್ಲಿ ಒಂದು ದಿನ ಮನಸ್ಸು ನಿಲ್ಲಲಿಲ್ಲ. ಇವನಿಗೆ ಬರೀ 18 ವರ್ಷ.

ಲ್ಯಾಪ್‌ಟಾಪೇ ಬಂತು. ಡಬ್ಬದೊಳಗೆ ಒಂದು ಸಣ್ಣ ಪುಸ್ತಕ ಇತ್ತು. ಬಿಸಿಯಾಗುತ್ತದೆ, ತೊಡೆ ಮೇಲೆ ಇಟ್ಟುಕೊಳ್ಳಬೇಡಿ ಎಂದು ಅದರಲ್ಲಿ ಬರೆದಿತ್ತು. ಇಂಗ್ಲಿಷಿನಲ್ಲಿ ಲ್ಯಾಪ್ ಅಂದರೆ ತೊಡೆ. ಜೊತೆಗೆ ಬಂದ ಅಡಾಪ್ಟರ್ ಕೈಗೆತ್ತಿಕೊಂಡರೆ ಅರ್ಧ ಇಟ್ಟಿಗೆ. ಅದನ್ನು ಚುಚ್ಚದಿದ್ದರೆ ಕಾರ್ಡು ಮುಷ್ಕರ ಹೂಡುತ್ತದೆ, ಗೇಮ್ ತೆವಳುತ್ತದೆ, ಒಂದು ಗಂಟೆಯಲ್ಲಿ ಬ್ಯಾಟರಿ ಖಾಲಿ. ದೊಡ್ಡ ಬ್ಯಾಟರಿ ಹಾಕಬಹುದಲ್ಲ ಎಂದರೆ ಅದಕ್ಕೂ ಒಂದು ಕತೆ. 100 ವ್ಯಾಟ್ ಅವರ್ ದಾಟಿದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕೇ ದುಬಾರಿ ಲ್ಯಾಪ್‌ಟಾಪುಗಳೂ 99ರ ಹತ್ತಿರ ಬಂದು ನಿಲ್ಲುತ್ತವೆ. ನಮ್ಮವನು ಓಡಾಡುವುದು ಹಾಸನದ ಬಸ್ಸಿನಲ್ಲಿ. ಕಂಡಕ್ಟರ್ ಇದುವರೆಗೆ ವ್ಯಾಟ್ ಕೇಳಿಲ್ಲ.

ತಿಂಗಳಿಗೊಂದು ಫೋನ್. ಕೂಲಿಂಗ್ ಪ್ಯಾಡ್ ಬೇಕು. ಆ ಕೀಬೋರ್ಡಿನಲ್ಲಿ ಬೆರಳು ಸುಡುತ್ತೆ, ಬೇರೆ ಕೀಬೋರ್ಡ್ ಬೇಕು. ಮೌಸ್. ಪರದೆ ಚಿಕ್ಕದು, ಕತ್ತು ನೋಯುತ್ತೆ, 24 ಇಂಚಿನ ಮಾನಿಟರ್. ಎಸ್‌ಪಿ ರೋಡಿನ ಆ ಹಾಳೆ ಇನ್ನೂ ನನ್ನ ಜೇಬಿನಲ್ಲೇ ಇತ್ತು. ತೆಗೆದು ನೋಡಿದೆ. ಕ್ಯಾಬಿನೆಟ್ ಒಂದು ಬಿಟ್ಟು ಕಣ್ಣಿಗೆ ಕಾಣುವುದೆಲ್ಲ ಹಾಸ್ಟೆಲ್ ಸೇರಿತ್ತು.

ಲ್ಯಾಪ್‌ಟಾಪ್ ಕಡ್ಡಾಯ ಎಂದಿದ್ದ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿಗೆ ಸಿ ಪ್ರೋಗ್ರಾಂ. ಅದನ್ನು ಅವನು ಬರೆದದ್ದು ರೆಕಾರ್ಡ್ ಪುಸ್ತಕದಲ್ಲಿ, ಪೆನ್ನಿನಲ್ಲಿ. ಎಡಗಡೆ ಪುಟದಲ್ಲಿ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಫ್ಲೋಚಾರ್ಟ್. ಕೆಳಗೆ ಔಟ್‌ಪುಟ್, ಅದೂ ಕೈಯಲ್ಲೇ. ಕಂಪ್ಯೂಟರ್ ಕೊಡಬೇಕಾದ ಉತ್ತರವನ್ನು ಹುಡುಗ ತಾನೇ ಬರೆದು ಮೇಷ್ಟ್ರ ಸಹಿ ಹಾಕಿಸಿಕೊಂಡ. ಚಿತ್ತಾಗಿದೆ ಎಂದು ಎರಡು ಪುಟ ಮತ್ತೆ ಬರೆಸಿದರಂತೆ. 3,072 ಕೋರಿನ ಕಾರ್ಡ್ ಪಕ್ಕದಲ್ಲಿ ಬಣ್ಣ ಬದಲಾಯಿಸುತ್ತಾ ಕೂತಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಅವನೂ ಬಂದಿದ್ದ. ಬೆನ್ನಿಗೆ ಅದೇ ಲ್ಯಾಪ್‌ಟಾಪ್ ಬ್ಯಾಗು. ಅಕ್ಕ ಜಿಪ್ ಎಳೆದರೆ ಒಗೆಯದ ಬಟ್ಟೆ.

"ಲ್ಯಾಪ್‌ಟಾಪ್ ಎಲ್ಲೋ?"

"ಹಾಸ್ಟೆಲಲ್ಲಿದೆ ಅಮ್ಮ. ಅಷ್ಟು ಭಾರ ಯಾರು ಹೊರ್ತಾರೆ?"

"ಅಯ್ಯೋ, ಯಾರಾದ್ರೂ ಎತ್ಕೊಂಡು ಹೋದ್ರೆ?"

"ಇಲ್ಲಮ್ಮ. ಟೇಬಲ್ ಕಾಲಿಗೆ ಸರಪಳಿ ಹಾಕಿ ಬೀಗ ಹಾಕಿದೀನಿ."