ಮರಳುಗಾಡಿನಲ್ಲಿ ಕೋರಿಕೆಯ ಚಿತ್ರಗೀತೆ

ಜೈಸಲ್ಮೇರಿನಿಂದ ಸುಮಾರು 40 ಕಿ.ಮೀ. ಆಚೆ, ಸಮ್ ಮರಳುದಿಬ್ಬ. ಎಲ್‌ಟಿಸಿ ಹಾಕಿಕೊಂಡು ಬೆಂಗಳೂರಿನಿಂದ ಬಂದ ನಮ್ಮವರು ಒಂಟೆಯಿಂದಿಳಿದು, ಸೊಂಟ ನೀವಿಕೊಳ್ಳುತ್ತ ಗಾದಿಗೆ ಒರಗಿದ್ದಾರೆ. ಪಕೋಡ ಬಂದಿದೆ. ಮಂಗಣಿಯಾರ್ ಗಾಯಕರೂ ಬಂದಿದ್ದಾರೆ. ಆದ್ಯತೆ ಪಕೋಡಕ್ಕೆ.

ಹಿರಿಯರೊಬ್ಬರು ಕಮಾನಿನಿಂದ ನುಡಿಸುವ ತಂತಿವಾದ್ಯ ಕಮಾಯಿಚಾವನ್ನು ಶ್ರುತಿ ಮಾಡತೊಡಗಿದರೆ "ಇನ್ನೂ ಶುರುವಾಗ್ಲಿಲ್ವಾ?" ಹಾಡು ಶುರುವಾದ ಐದು ನಿಮಿಷಕ್ಕೆ "ಇನ್ನೂ ಮುಗೀಲಿಲ್ವಾ?" ಈ ಎರಡು ಪ್ರಶ್ನೆಗಳ ನಡುವೆ ಉಳಿದಷ್ಟು ಜಾಗದಲ್ಲಿ ಜಾನಪದ ಬದುಕಿಕೊಳ್ಳಬೇಕು. ಇದು ನಮಗೆ ಹೊಸ ವಿದ್ಯೆಯೇನಲ್ಲ. ಇಡೀ ರಾತ್ರಿಯ ಯಕ್ಷಗಾನವನ್ನು ರೆಸಾರ್ಟಿನಲ್ಲಿ ಸೂಪು ಆರುವುದರೊಳಗೆ ಮುಗಿಸಿದವರು ನಾವು.

ಮರದ ಬುರುಡೆಗೆ ಮೇಕೆಯ ಚರ್ಮ ಬಿಗಿದ ಆ ಕಮಾಯಿಚಾ ನುಡಿಸಿಯೇ ಹಮೀರಾ ಹಳ್ಳಿಯ ಸಾಕರ್ ಖಾನ್ 2012ರಲ್ಲಿ ಪದ್ಮಶ್ರೀ ಪಡೆದದ್ದು. ಇರಲಿ ಬಿಡಿ. ಭಾವನವರು ಅದನ್ನು ಇಸಿದುಕೊಂಡು, ಗಿಟಾರಿನಂತೆ ಅಡ್ಡ ಹಿಡಿದು ಸೆಲ್ಫಿ ತೆಗೆದಾಯಿತು.

ಮಂಗಣಿಯಾರರು ಮುಸ್ಲಿಮರು. ತಲೆತಲಾಂತರದಿಂದ ರಜಪೂತ ಯಜಮಾನರ ಮನೆಯ ಮದುವೆ, ಹೆರಿಗೆಗೆಲ್ಲ ಹಾಡಿದವರು. ಆ ಮನೆಗಳ ವಂಶಾವಳಿಯೂ ಅವರ ಬಾಯಲ್ಲೇ. ಈಗಿನ ಯಜಮಾನರು ನಾವು. ನಮ್ಮ ವಂಶಾವಳಿ ಟೆಂಟ್ ನಂಬರಿನಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ.

ಇನಿಯನನ್ನು "ಪಧಾರೋ ಮ್ಹಾರೇ ದೇಸ್" (ನನ್ನ ನಾಡಿಗೆ ಬಾ) ಎಂದು ಕರೆಯುವ, ಮಾಂಡ್ ಎಂಬ ಅಲ್ಲಿನ ಶೈಲಿಯ ಹಾಡಿನ ಸಾಲು ರಾಜಸ್ಥಾನ ಪ್ರವಾಸೋದ್ಯಮದ ಘೋಷವಾಕ್ಯವೂ ಆಗಿಬಿಟ್ಟಿದೆ. ಹಾಗಾಗಿ ಆ ವಿರಹಿಣಿ ದಿನಾ ಸಂಜೆ ಏಳಕ್ಕೆ ಹಾತೊರೆದು ಕಾಯಬೇಕಾದದ್ದು ಮಂಕಿ ಕ್ಯಾಪ್ ತೊಟ್ಟು, ಚಟ್ನಿಪುಡಿ ಡಬ್ಬಿ ಹಿಡಿದು ಬರುವ ನಮ್ಮ ರಾಯರನ್ನು. ರಾಯರು ಆಗ ಫೋನಿನಲ್ಲಿದ್ದರು. "ಹಿಂದೆ ಏನೋ ಗಲಾಟೆ, ಜೋರಾಗಿ ಮಾತಾಡು."

"ಫೋಕ್ ಸಾಕಪ್ಪ, ಒಂದು ಒಳ್ಳೇ ಫಿಲ್ಮ್ ಸಾಂಗ್ ಹೇಳು" ಎಂದರು ಭಾವನವರು. ಗಾಯಕರು "ನಿಂಬೂಡಾ" ಎಂಬ ನಿಂಬೆಹಣ್ಣಿನ ಹಾಡು ಎತ್ತಿಕೊಂಡರು. ಅಜ್ಜ-ಮುತ್ತಜ್ಜರಿಂದ ಅವರದೇ ಹಾಡು. 1999ರಲ್ಲಿ ಹಿಂದಿ ಸಿನಿಮಾವೊಂದು ಅವರಂಗಳದಿಂದಲೇ ಎತ್ತಿಕೊಂಡು ಹೋದದ್ದು. ಗಾದಿಗಳೆಲ್ಲ ಖಾಲಿ, ಅತ್ತಿಗೆಯವರೂ ಎದ್ದು ಕುಣಿದರು.

"ಪರವಾಗಿಲ್ಲ, ಸಿನಿಮಾ ನೋಡಿ ಚೆನ್ನಾಗೇ ಕಲ್ತಿದ್ದಾರೆ" ಎಂದು ಭಾವನವರು ಸರ್ಟಿಫಿಕೇಟು ಕೊಟ್ಟರು. ಆದರೆ ಕಿವಿ ಸೂಕ್ಷ್ಮ ನೋಡಿ. ನಡುವೆ ಎರಡು ಸಾಲು ಬೇರೆ ಥರ ಕೇಳಿಸಿತ್ತು. ಮೊಬೈಲು ತೆಗೆದು, "ಒರಿಜಿನಲ್ ಹೀಗಿದೆ, ಕೇಳಿಸ್ಕೊಳ್ಳಿ" ಎಂದು ಗಾಯಕರ ಕಿವಿಗೇ ಹಿಡಿದರು. ಆಮೇಲೆ ನೂರರ ನೋಟು ಕೊಟ್ಟು, ಸಾಹಿತ್ಯ ತಪ್ಪಿದ್ದಕ್ಕೆ ಐವತ್ತು ವಾಪಸ್ ಕೇಳಿದರು.