ಸತ್ಯಾಂಶ: ಹೊಕ್ಕುಳಿನ ನಳಿಕೆ ಬಿಲ್ ಏರಿಸಲು ಹಾಕುವುದಲ್ಲ

‘ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮಗುವಿನ ಹೊಕ್ಕುಳಿಗೆ ಪೈಪ್ ಹಾಕಲು ಬಿಡಬೇಡಿ, ಹೃದಯಕ್ಕೆ ಚುಚ್ಚುತ್ತದೆ, ಬಿಲ್‌ಗಾಗಿ ಹಾಕುತ್ತಾರೆ.’ ಸಿರ್ಸಿ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮಾತು ತಪ್ಪು.

ತಿಂಗಳು ತುಂಬದೆ ಹುಟ್ಟಿದ ಒಂದು ಕೆಜಿ ಮಗುವಿನ ಕೈಯ ರಕ್ತನಾಳ ನೂಲಿನಷ್ಟು ಸಣ್ಣ. ಗಟ್ಟಿ ಗ್ಲೂಕೋಸ್ ಅಲ್ಲಿ ಬಿಟ್ಟರೆ ನಾಳ ಹಾಳಾಗಿ ಕೈ ಊದುತ್ತದೆ, ಚರ್ಮವೂ ಸುಡಬಹುದು. ಹೊಕ್ಕುಳಿನ ನಾಳ ಹುಟ್ಟಿದ ಮೊದಲ ಕೆಲವು ದಿನ ಬಳಸಲು ಸಿಗುತ್ತದೆ. ಗ್ಲೂಕೋಸ್ ಬಿಡಲು ಅದರೊಳಗೆ ತೆಳ್ಳಗಿನ, ಮೆತ್ತಗಿನ ನಳಿಕೆ ಇಳಿಸುತ್ತಾರೆ. ಹೊಕ್ಕುಳಬಳ್ಳಿಗೆ ನೋವು ಗೊತ್ತಾಗುವುದಿಲ್ಲ.

ಹಾಗಂತ ಅಪಾಯವೇ ಇಲ್ಲ ಅಂತಲ್ಲ. ಸೋಂಕಾಗಬಹುದು, ರಕ್ತ ಹೆಪ್ಪುಗಟ್ಟಬಹುದು. ತುದಿ ಸರಿದು ಹೃದಯದ ಸುತ್ತ ನೀರು ತುಂಬುವುದೂ ಉಂಟು, ಆದರೆ ಅಪರೂಪ. ಅದಕ್ಕೇ ಎಕ್ಸ್‌ರೇ ತೆಗೆದು ತುದಿ ಎಲ್ಲಿದೆ ನೋಡುತ್ತಾರೆ. ಸಾಮಾನ್ಯವಾಗಿ 7ರಿಂದ 14 ದಿನದೊಳಗೆ ತೆಗೆದುಬಿಡುತ್ತಾರೆ.

ಸುಮ್ನೆ ಹೆದರಿ ಒಪ್ಪಿಗೆ ಪತ್ರದ ಸಹಿ ತಡೆಯಬೇಡಿ. ‘ಇವತ್ತೂ ನಳಿಕೆ ಬೇಕಾ ಡಾಕ್ಟ್ರೇ?’ ಅಂತ ದಿನಾ ಕೇಳಿ.